ಆಟದ ಯಂತ್ರದ ಆರೋಗ್ಯ ವಿಚಾರಿಸಿದ ಮಳೆಗಾಲ

ಕಳೆದ ತಿಂಗಳು ಮದುವೆಯೊಂದಕ್ಕೆಂದು ಮೂಡುಬಿದಿರೆಗೆ ಹೋಗಿದ್ದೆ. ಊಟ ಮುಗಿಸಿ ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ಮಳೆ ಒಮ್ಮೆಲೇ ಜೋರಾಯಿತು. ಕೊಡೆ ತಂದಿರಲಿಲ್ಲ. ಹತ್ತಿರದ ಹಳೆ ಕಟ್ಟಡವೊಂದರ ಮೆಟ್ಟಿಲ ಬುಡಕ್ಕೆ ಓಡಿ ನಿಂತೆ. ಸೆರಗಿನಿಂದ ಮುಖ ಒರೆಸಿಕೊಂಡು ಉಸಿರೆಳೆದಾಗ ನೆನೆದ ಪ್ಲೈವುಡ್ಡಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ನನಗೆ ಗೊತ್ತು. ತಲೆಯೆತ್ತಿ ನೋಡಿದರೆ ಮೊದಲ ಮಹಡಿಯಲ್ಲಿ ಕಿಟಕಿ ಪರದೆ ಹೊಲಿದುಕೊಡುವ ಅಂಗಡಿ. ಇಪ್ಪತ್ತು ವರ್ಷಗಳ ಹಿಂದೆ ಅಲ್ಲಿ ಲವೀನಕ್ಕನ ಸೈಬರ್ ಸೆಂಟರ್ ಇತ್ತು. ಒಂದು ಮಳೆಗಾಲ ಪೂರ್ತಿ, ಹೆಚ್ಚುಕಡಿಮೆ ಪ್ರತಿ ಬುಧವಾರ, ನಾನು ಹತ್ತಿದ್ದು ಇದೇ ಮೆಟ್ಟಿಲುಗಳನ್ನು.

ಅದು ೨೦೦೪ನೇ ಇಸವಿ. ನಾನು ಎರಡನೇ ವರ್ಷದ ಬಿಎಸ್ಸಿಯಲ್ಲಿದ್ದೆ. ನಮ್ಮ ಮನೆ ಮೆಲ್ಕಾರಿನಲ್ಲಿ. ಬೆಳಿಗ್ಗೆ ಬಿ.ಸಿ. ರೋಡಿಗೆ ಬಂದು ಅಲ್ಲಿಂದ ಮೂಡುಬಿದಿರೆ ಬಸ್ಸು ಹಿಡಿಯುತ್ತಿದ್ದೆ. ಅಪ್ಪ ಬಿ.ಸಿ. ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್‌ಕೀಪರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ನಿಲ್ಲಬಹುದು, ಯಾವಾಗ ಜಾಗ ಖಾಲಿ ಮಾಡಬೇಕು ಎಂದು ನೋಡಿಕೊಂಡು ಸೀಟಿ ಊದುವುದು ಅವರ ಕೆಲಸ. ಅಮ್ಮ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಅಣ್ಣ ದಿನೇಶ ದುಬೈಯಲ್ಲಿದ್ದ. ಆ ಜನವರಿಯಲ್ಲಿ ರಜೆಯ ಮೇಲೆ ಬಂದು, ಬೆಳ್ತಂಗಡಿಯ ಮಮತಾಳನ್ನು ಮದುವೆಯಾಗಿ, ಒಂದೂವರೆ ತಿಂಗಳಿಗೆ ವಾಪಸು ಹೋಗಿದ್ದ. ಅತ್ತಿಗೆ ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು. ಅಮ್ಮನ ಜೊತೆ ಅವಳೂ ಬೀಡಿ ಕಟ್ಟುತ್ತಿದ್ದಳು. ಮಳೆ ಶುರುವಾಗುವ ಹೊತ್ತಿಗೆ ಅವಳಿಗೆ ಐದು ತಿಂಗಳು. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಬರೆದ ಮಾತುಗಳೆಲ್ಲ ಅದರ ಕನ್ನಡ.

ಅಣ್ಣನ ಕೆಲಸ ಏನೆಂದು ಅಪ್ಪನಿಗೆ ಯಾರಿಗೂ ಸರಿಯಾಗಿ ಹೇಳಲಾಗುತ್ತಿರಲಿಲ್ಲ. ಅಂಗೈಯಲ್ಲಿ ಹಿಡಿದು ಆಡುವ ವೀಡಿಯೊ ಗೇಮಿನ ಯಂತ್ರವೊಂದು ಹೊಸದಾಗಿ ಬಂದಿತ್ತು. ಅದನ್ನು ಮಾಡುವ ಕಂಪನಿ ಎಲ್ಲೋ ದೂರದ ದೇಶದ್ದು. ಅದನ್ನು ದುಬೈಗೆ ತರಿಸಿ ಮಾರುವ ಏಜೆನ್ಸಿಯಲ್ಲಿ ಅಣ್ಣ ಸೇಲ್ಸ್‌ಮನ್. ದೊಡ್ಡ ದೊಡ್ಡ ಅಂಗಡಿಗಳಲ್ಲಿ ಒಂದು ಮೇಜಿನ ಹಿಂದೆ ನಿಂತು, ಬಂದವರ ಎದುರು ಆ ಯಂತ್ರದಲ್ಲಿ ಆಟ ಆಡಿ ತೋರಿಸಬೇಕು. ದಿನವಿಡೀ ಅದೇ. ಮದುವೆಗೆ ಬಂದಾಗ ಒಂದನ್ನು ತಂದಿದ್ದ. ಬೂದು ಬಣ್ಣ, ಸಾಬೂನಿನಷ್ಟು ದೊಡ್ಡದು, ನಡುವೆ ಬೆಳಗುವ ಪರದೆ, ಎರಡು ಬದಿಗೆ ಗುಂಡಿಗಳು. ಲಾಂದ್ರ ಹಿಡಿದ ಪುಟ್ಟ ಮನುಷ್ಯನೊಬ್ಬ ಬಂಡೆಯಿಂದ ಬಂಡೆಗೆ ಹಾರಿ ನದಿ ದಾಟುವ ಆಟ. ಅಣ್ಣನ ಎರಡೂ ಹೆಬ್ಬೆರಳಿನ ತುದಿ ದಡ್ಡುಗಟ್ಟಿತ್ತು. ಅಪ್ಪ ಅದನ್ನು ಮುಟ್ಟಿ ನೋಡಿ, ಗದ್ದೆ ಕೆಲಸ ಮಾಡಿದರೆ ಕೈ ದಡ್ಡುಗಟ್ಟುವುದನ್ನು ನೋಡಿದ್ದೇನೆ, ಆಟ ಆಡಿ ದಡ್ಡುಗಟ್ಟಿದ್ದನ್ನು ಇದೇ ಮೊದಲು ನೋಡುವುದು ಎಂದಿದ್ದರು.

ಹೋಗುವಾಗ ಅಣ್ಣ ಆ ಯಂತ್ರವನ್ನು ಅತ್ತಿಗೆಗೆ ಬಿಟ್ಟು ಹೋದ. ಮಧ್ಯಾಹ್ನ ಊಟವಾದ ಮೇಲೆ ಅವಳು ಗೋಡೆಗೆ ಒರಗಿ ಕೂತು ಲಾಂದ್ರದವನನ್ನು ನದಿ ದಾಟಿಸುತ್ತಿದ್ದಳು.

ಜೂನ್ ತಿಂಗಳ ಒಂದು ಭಾನುವಾರ ಅಣ್ಣನ ಫೋನು ಬಂತು. ಯಾವಾಗಲೂ ಮೊದಲು ಅಮ್ಮನ ಹತ್ತಿರ ಮಾತಾಡುವವನು ಆವತ್ತು ಅಪ್ಪನನ್ನು ಕರೆಯಲು ಹೇಳಿದ. ಯಂತ್ರ ಸರಿಯಾಗಿ ಮಾರಾಟವಾಗುತ್ತಿಲ್ಲವಂತೆ. ಕಂಪನಿ ಅದನ್ನು ನಿಲ್ಲಿಸಿಬಿಡುತ್ತದೆ ಎಂದು ಒಬ್ಬರು ಹೇಳಿದರೆ, ಇಲ್ಲ, ಹೊಸ ಆಟಗಳು ಬಂದರೆ ಮೇಲೆ ಬರುತ್ತದೆ ಎಂದು ಇನ್ನೊಬ್ಬರು. ಏಜೆನ್ಸಿ ಮಾರುವುದು ಅದೊಂದನ್ನೇ. ಅದು ನಿಂತರೆ ಅಣ್ಣನ ವೀಸಾವೂ ಮುಗಿದ ಹಾಗೆ. ಇನ್ನೊಂದು ಕಡೆ ಅತ್ತಿಗೆಯ ಸೋದರಮಾವ ಮಸ್ಕತ್ತಿನಲ್ಲಿ ಸೂಪರ್ ಮಾರ್ಕೆಟ್ ಒಂದರಲ್ಲಿದ್ದರು. ಅಲ್ಲಿ ಒಂದು ಕೆಲಸ ಖಾಲಿ ಇದೆ, ಜುಲೈ ಕೊನೆಯೊಳಗೆ ಹೌದೋ ಅಲ್ಲವೋ ಹೇಳಬೇಕು ಎಂದಿದ್ದರು. ದುಬೈ ಬಿಟ್ಟು ಮಸ್ಕತ್ತಿಗೆ ಹೋದ ಮೇಲೆ ಯಂತ್ರ ಗೆದ್ದರೆ ದುಬೈಯ ಒಳ್ಳೆಯ ಕೆಲಸ ಹೋಯಿತು. ಬಿಡದೆ ಕೂತು ಯಂತ್ರ ಸೋತರೆ ಎರಡೂ ಹೋಯಿತು.

ಕೊನೆಗೆ ಫೋನು ನನ್ನ ಕೈಗೆ ಬಂತು. ಅಣ್ಣ ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ, ಕನ್ನಡ ಮಾಧ್ಯಮದಲ್ಲಿ. ಇಂಗ್ಲಿಷ್ ಮಾತಾಡಲು ಕಲಿತಿದ್ದ, ಪುಟಗಟ್ಟಲೆ ಓದಲು ಆಗುತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಈ ಯಂತ್ರದ ಬಗ್ಗೆ ತುಂಬ ಬರೆಯುತ್ತಾರಂತೆ, ನೀನು ಓದಿ ನಿಜ ಏನೆಂದು ಹೇಳು ಎಂದ. ಇಲ್ಲಿ ಮ್ಯಾನೇಜರ್ ಹೇಳುವುದೆಲ್ಲ ಒಳ್ಳೆಯ ಸುದ್ದಿಯೇ, ಅದನ್ನು ನಂಬಲಿಕ್ಕಾಗುವುದಿಲ್ಲ ಎಂದ.

ಹಾಗೆ ಶುರುವಾಯಿತು ನನ್ನ ಬುಧವಾರ. ಆವತ್ತು ಲ್ಯಾಬ್ ಬೇಗ ಮುಗಿಯುತ್ತಿತ್ತು. ಲವೀನಕ್ಕನ ಸೆಂಟರಿನಲ್ಲಿ ಪ್ಲೈವುಡ್ ಹೊಡೆದು ಮಾಡಿದ ಆರು ಗೂಡುಗಳು. ಮಳೆಗೆ ಪ್ಲೈವುಡ್ ಉಬ್ಬಿ, ಎದ್ದ ಪದರಗಳು ಕೈಗೆ ತಾಗುತ್ತಿದ್ದವು. ನಾನು ಬಂದ ಕೂಡಲೇ ಲವೀನಕ್ಕ ಮೂಲೆಯ ಕಂಪ್ಯೂಟರ್ ಕೊಡುತ್ತಿದ್ದರು. ನಾನು ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದಲು ಕೂತರೆ, ಪರೀಕ್ಷೆಗೂ ನೀನು ಇಷ್ಟು ಓದಲಿಕ್ಕಿಲ್ಲ ಮಾರಾಯ್ತಿ ಎನ್ನುತ್ತಿದ್ದರು.

ಮೊದಲ ಎರಡು ವಾರ ಓದಿದ್ದನ್ನು ಹಾಗೆಯೇ ಮನೆಯಲ್ಲಿ ಹೇಳಿದೆ. ಕೆಲವರು ಹೊಗಳಿದ್ದರು, ಕೆಲವರು ತೆಗಳಿದ್ದರು. ಪರದೆ ಚೆನ್ನಾಗಿದೆ, ಬ್ಯಾಟರಿ ನಿಲ್ಲುವುದಿಲ್ಲ, ಆಟಗಳು ಕಡಿಮೆ, ಬೆಲೆ ಹೆಚ್ಚು. ಈ ವರ್ಷ ದಾಟುವುದು ಕಷ್ಟ ಎಂದು ಒಬ್ಬ ಬರೆದರೆ, ಕಾದು ನೋಡಿ ಎಂದು ಇನ್ನೊಬ್ಬ. ಅಮ್ಮ ಮೊರದ ಮೇಲಿನ ಬೀಡಿ ಎಲೆಯಿಂದ ಕಣ್ಣೆತ್ತದೆ, ಈಗ ಹೇಗುಂಟಂತೆ ಅದಕ್ಕೆ ಎಂದು ಆಸ್ಪತ್ರೆಯಲ್ಲಿ ಮಲಗಿದವರ ಬಗ್ಗೆ ಕೇಳಿದ ಹಾಗೆ ಕೇಳುತ್ತಿದ್ದರು. ಅತ್ತಿಗೆಯ ಕೈಯಲ್ಲಿ ಯಂತ್ರ ಬೆಳಗುವುದನ್ನು ಕಂಡು, ಚೆನ್ನಾಗಿಯೇ ಇದೆಯಲ್ಲ, ಇದಕ್ಕೇನು ಕಾಯಿಲೆ ಎಂದರು ಒಮ್ಮೆ. ನಾವು ನಕ್ಕೆವು. ಅಮ್ಮ ನಗಲಿಲ್ಲ.

ಜುಲೈ ಎರಡನೇ ವಾರ ಅತ್ತಿಗೆಯ ರಕ್ತದೊತ್ತಡ ಏರಿತು. ಬಂಟ್ವಾಳದ ಡಾಕ್ಟರರು ಉಪ್ಪು ಕಡಿಮೆ ಮಾಡಿಸಿದರು, ಬೀಡಿಯ ಹೊಗೆಸೊಪ್ಪಿನ ಹತ್ತಿರ ಕೂರಬೇಡ ಎಂದರು, ಆಮೇಲೆ ಅಮ್ಮನನ್ನು ಹೊರಗೆ ಕರೆದು, ಅವಳಿಗೆ ಯಾವ ಚಿಂತೆಯೂ ತಾಗದ ಹಾಗೆ ನೋಡಿಕೊಳ್ಳಿ ಎಂದರು. ಅಮ್ಮ ಮನೆಗೆ ಬಂದು ಅದನ್ನು ನನಗೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು.

ಅದರ ಮರುದಿನವೇ ಬುಧವಾರ. ಕಂಪ್ಯೂಟರಿನಲ್ಲಿ ಮೊದಲು ಕಂಡದ್ದೇ ಕೆಟ್ಟ ಸುದ್ದಿ. ವಿದೇಶದ ದೊಡ್ಡ ಅಂಗಡಿ ಸಾಲೊಂದು ಆ ಯಂತ್ರವನ್ನು ಇನ್ನು ಇಡುವುದಿಲ್ಲ ಎಂದಿದೆ. ಕಂಪನಿಯನ್ನು ಕೇಳಿದರೆ ಉತ್ತರವಿಲ್ಲ. ಬರೆದವನು ಕೊನೆಯಲ್ಲಿ, ಇನ್ನು ಹೆಣಕ್ಕೆ ಹೂ ತರುವುದೊಂದೇ ಬಾಕಿ ಎಂದು ತಮಾಷೆ ಮಾಡಿದ್ದ. ಆ ವಾಕ್ಯವನ್ನು ಅರ್ಥವಾಗಲಿಲ್ಲವೇನೋ ಎಂದು ಮೂರು ಸಲ ಓದಿದೆ. ಅರ್ಥವಾಗಿತ್ತು.

ಮನೆಗೆ ಬಂದಾಗ ಅತ್ತಿಗೆ ಜಗಲಿಯಲ್ಲೇ ಕೂತಿದ್ದಳು. ಕಾಲು ಬಾತಿತ್ತು. ನನ್ನ ಕೊಡೆ ತೆಗೆದುಕೊಂಡು ನೀರು ಕೊಡವುತ್ತ, ಏನು ಬರೆದಿದ್ದಾರೆ ಎಂದು ಕೇಳಿದಳು.

"ಹೊಸ ಆಟಗಳು ಬರ್ತವಂತೆ. ಚೆನ್ನಾಗಿ ಹೋಗ್ತಾ ಉಂಟಂತೆ," ಎಂದೆ.

ಅಷ್ಟು ಸುಲಭವಾಗಿ ಬಾಯಿಂದ ಬಂತು. ಅವಳ ಮುಖ ಅರಳಿತು. ನಾನು ಒಳಗೆ ಹೋಗಿ ಪಾತ್ರೆ ತೊಳೆಯಲು ಕೂತೆ. ಮುಂದಿನ ಬುಧವಾರವೂ ಸುಳ್ಳು ಹೇಳಿದೆ. ಒಂದು ಸುಳ್ಳಿಗೆ ಇನ್ನೊಂದು ಬೇಕಾಗುತ್ತದೆ: ಯಾವ ಆಟ ಬರುತ್ತದೆ ಎಂದು ಅತ್ತಿಗೆ ಕೇಳಿದಳು, ಆನೆ ಓಡಿಸುವ ಆಟ ಎಂದೆ. ಮೂರನೇ ಬುಧವಾರ ಲವೀನಕ್ಕನ ಮೆಟ್ಟಿಲು ಹತ್ತದೆಯೇ ಬಸ್ಸು ಹಿಡಿದು ಬಂದು, ಎಲ್ಲ ಸರಿ ಇದೆಯಂತೆ ಎಂದೆ. ಅಮ್ಮನಿಗೆ ಮಾತ್ರ ನಿಜ ಹೇಳಬಹುದಿತ್ತು. ಆದರೆ ಅಮ್ಮನ ಮುಖದಲ್ಲಿ ಯಾವುದೂ ಅಡಗುವುದಿಲ್ಲ. ಅಪ್ಪನಿಗೆ ಯಾಕೆ ಹೇಳಲಿಲ್ಲವೋ ಇವತ್ತಿಗೂ ಗೊತ್ತಿಲ್ಲ. ಬಹುಶಃ ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ.

ಜುಲೈಯ ಕೊನೆಯ ಭಾನುವಾರ ಅಣ್ಣನ ಫೋನು ಬಂತು. ಮಸ್ಕತ್ತಿಗೆ ಉತ್ತರ ಹೇಳುವ ದಿನ. ಅಪ್ಪ ರಿಸೀವರನ್ನು ಗಟ್ಟಿಯಾಗಿ ಕಿವಿಗೆ ಒತ್ತಿಕೊಂಡು ಹೇಳಿದರು:

"ನೀನು ಬಿಡಬೇಡ. ಅಲ್ಲೇ ನಿಲ್ಲು. ಶಶಿ ಎಲ್ಲ ಓದಿದ್ದಾಳೆ."

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಅಪ್ಪನ ಕೈಯಿಂದ ಫೋನು ಕಸಿದುಕೊಂಡು, ಬೇಡ ಅಣ್ಣ, ನಾನು ಹೇಳಿದ್ದು ಸುಳ್ಳು ಎನ್ನಬೇಕಿತ್ತು. ಅತ್ತಿಗೆ ಬಾಗಿಲಿಗೆ ಒರಗಿ ನಿಂತಿದ್ದಳು. ನಾನು ಅವಳನ್ನು ದಾಟಿ ಅಡುಗೆಮನೆಗೆ ಹೋದೆ. ಅಣ್ಣ ಆ ಸಂಜೆಯೇ ಮಸ್ಕತ್ತಿಗೆ ಬೇಡವೆಂದು ಹೇಳಿದ.

ಆಮೇಲಿನ ಹದಿನೈದು ದಿನ ನಾನು ಹೇಗೆ ಕಳೆದೆ ಎಂಬುದು ನನಗೇ ಗೊತ್ತು. ನೇತ್ರಾವತಿ ಆ ವಾರ ಕೆಂಪಗೆ ತುಂಬಿ ಹರಿಯುತ್ತಿತ್ತು. ಪಾಣೆಮಂಗಳೂರಿನ ಸೇತುವೆ ದಾಟುವಾಗ ಬಸ್ಸಿನವರೆಲ್ಲ ಕಿಟಕಿಯಿಂದ ಬಗ್ಗಿ ನೀರು ನೋಡುತ್ತಿದ್ದರು. ನಾನು ನೋಡುತ್ತಿರಲಿಲ್ಲ. ಊಟ ಸೇರುತ್ತಿರಲಿಲ್ಲ. ಅಮ್ಮ ನನಗೂ ಏನೋ ಆಗಿದೆ ಎಂದು ಕಷಾಯ ಮಾಡಿಕೊಟ್ಟರು.

ಆಗಸ್ಟ್ ನಡುವಿಗೆ ಇಬ್ರಾಹಿಂ ನಮ್ಮ ಮನೆಗೆ ಬಂದರು. ಅವರು ಮಾಣಿಯವರು, ಅಣ್ಣನ ಜೊತೆ ಅದೇ ಏಜೆನ್ಸಿಯಲ್ಲಿದ್ದವರು, ಒಂದೇ ಕೋಣೆಯಲ್ಲಿ ಮಲಗುವವರು. ರಜೆಯ ಮೇಲೆ ಬಂದಿದ್ದರು. ಅಣ್ಣ ಅತ್ತಿಗೆಗೆ ಕೊಟ್ಟು ಕಳಿಸಿದ್ದ ಮೆತ್ತಗಿನ ಕಂಬಳಿ, ಖರ್ಜೂರ, ಅಮ್ಮನಿಗೆ ನೋವಿನ ಎಣ್ಣೆ ಎಲ್ಲವನ್ನೂ ಚೀಲದಿಂದ ತೆಗೆದಿಟ್ಟರು. ಚಹಾ ಕುಡಿಯುತ್ತ ಅಪ್ಪ ಹೆಮ್ಮೆಯಿಂದ, ಹೊಸ ಆಟಗಳು ಬರುತ್ತವಂತಲ್ಲ, ನಿಮಗೆಲ್ಲ ಇನ್ನು ಒಳ್ಳೆಯದಾಯಿತು ಎಂದರು.

ಇಬ್ರಾಹಿಂ ಲೋಟ ಕೆಳಗಿಟ್ಟರು. ಯಾರು ಹೇಳಿದ್ದು ಎಂದು ಕೇಳಿದರು. ಆಮೇಲೆ ಅಪ್ಪನ ಮುಖ ನೋಡಿ, ತಡೆದು ತಡೆದು ಹೇಳಿದರು.

"ಸಂಜೀವಣ್ಣ, ಆ ಯಂತ್ರದ ಕತೆ ಮುಗಿಯಿತು. ಇರುವ ಸ್ಟಾಕು ಹೇಗಾದರೂ ಖಾಲಿ ಮಾಡಿ ಅಂತ ಹೇಳಿದ್ದಾರೆ. ನಾನಿನ್ನು ವಾಪಸು ಹೋಗುವುದಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪ ದನಿ ಏರಿಸಲಿಲ್ಲ, ಹಾಗಾದರೆ ನೀನು ಓದಿದ್ದು ಏನು ಎಂದಷ್ಟೇ ಕೇಳಿದರು. ನಾನು ಅಲ್ಲೇ, ಹೊರಗಿನವರ ಎದುರಿನಲ್ಲೇ, ಎಲ್ಲವನ್ನೂ ಹೇಳಿದೆ. ಆನೆ ಓಡಿಸುವ ಆಟವನ್ನೂ ಬಿಡದೆ ಹೇಳಿದೆ. ಅಪ್ಪ ಎದ್ದು ಅಂಗಿ ಹಾಕಿಕೊಂಡು ಡ್ಯೂಟಿಗೆ ಹೋದರು. ಇಬ್ರಾಹಿಂ ಪಾಪ, ತನ್ನಿಂದ ತಪ್ಪಾಯಿತೇನೋ ಎಂಬಂತೆ ಮುಖ ಸಣ್ಣ ಮಾಡಿಕೊಂಡು ಹೊರಟರು. ಅಂಗಳದವರೆಗೆ ಹೋದವರು ತಿರುಗಿ ಬಂದು ನನಗೊಂದು ವಿಷಯ ಹೇಳಿದರು. ಕೆಟ್ಟುಹೋದ ಯಂತ್ರಗಳು ದಿನಾ ವಾಪಸು ಬರುತ್ತಿವೆ, ರಿಪೇರಿಯ ಮೇಜಿನಲ್ಲಿ ಇರುವುದು ಒಬ್ಬನೇ ಒಬ್ಬ ಫಿಲಿಪ್ಪೀನ್ಸಿನವನು, ದಿನೇಶ ಈಗ ಕೆಲಸ ಮುಗಿದ ಮೇಲೆ ಅವನ ಪಕ್ಕ ಕೂತು ಬಿಚ್ಚಿ ಜೋಡಿಸುವುದನ್ನು ಕಲಿಯುತ್ತಿದ್ದಾನೆ ಎಂದರು.

ಅತ್ತಿಗೆ ಕತ್ತರಿ ಹಿಡಿದು ಬೀಡಿ ಎಲೆ ಕತ್ತರಿಸುತ್ತ ಕೂತಿದ್ದಳು. ಹೊಗೆಸೊಪ್ಪು ತುಂಬಿ ಬೀಡಿ ಕಟ್ಟುವುದನ್ನು ಬಿಟ್ಟ ಮೇಲೆ ಅವಳಿಗೆ ಅಮ್ಮ ಕೊಟ್ಟ ಕೆಲಸ ಅದೊಂದೇ. ನಾನು ಹತ್ತಿರ ಹೋಗಿ ಕೂತೆ. ಕತ್ತರಿಸಿದ ಎಲೆಗಳನ್ನು ಜೋಡಿಸಿ ಕೊಟ್ಟೆ.

"ಎರಡನೇ ವಾರವೇ ನನಗೆ ಸಂಶಯ ಬಂದಿತ್ತು," ಎಂದಳು. "ಕಾಲೇಜಿನಿಂದ ಬಂದ ಕೂಡಲೇ ಚಹಾ ಕೇಳುವವಳು ನೀನು. ಬುಧವಾರ ಮಾತ್ರ ಯಾರೂ ಹೇಳದೆ ಪಾತ್ರೆ ತೊಳೆಯಲಿಕ್ಕೆ ಹೋಗ್ತೀಯಲ್ಲ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದರೆ ನೀನು ನಿಜ ಹೇಳ್ತಿದ್ದೆ."

ಅವಳ ಕಣ್ಣು ತುಂಬಿತ್ತು. ಆದರೆ ಅಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಸಿಟ್ಟೂ ಬಂತು. ಬಿಪಿ ಇರುವುದು ನಿಜ, ಆದರೆ ಕಿವಿಗೆ ಏನೂ ಆಗಿಲ್ಲ, ಇನ್ನು ನನ್ನ ಗಂಡನ ವಿಷಯವನ್ನು ನನ್ನಿಂದ ಅಡಗಿಸಬೇಡ ಎಂದಳು. ಆಗಲಿ ಎಂದೆ.

ಮರುದಿನ ಬೆಳಿಗ್ಗೆ ಬಿ.ಸಿ. ರೋಡಿನಲ್ಲಿ ಅಪ್ಪನನ್ನು ತಪ್ಪಿಸಿ ಬಸ್ಸು ಹತ್ತುವ ಎಂದುಕೊಂಡಿದ್ದೆ. ಆಗಲಿಲ್ಲ. ಮೂಡುಬಿದಿರೆ ಬಸ್ಸಿನ ಕಿಟಕಿಯ ಹತ್ತಿರ ಅವರೇ ಬಂದು ನಿಂತರು. ಕುತ್ತಿಗೆಯಲ್ಲಿ ಸೀಟಿ, ತಲೆಗೆ ಪ್ಲಾಸ್ಟಿಕ್.

"ಬಸ್ಸು ತಪ್ಪಿದವರಿಗೆ ದಿನಾ ಹೇಳುವವನು ನಾನು," ಎಂದರು. "ಹೋಯಿತು ಅಂತ ಹೇಳಿದರೆ ಅವರು ಬೇರೆ ದಾರಿ ನೋಡ್ತಾರೆ. ಈಗ ಬರ್ತದೆ ಅಂತ ಹೇಳಿದರೆ ಇಲ್ಲೇ ಕೂತು ದಿನ ಹಾಳು ಮಾಡ್ತಾರೆ. ಇನ್ನು ಕೆಟ್ಟ ಸುದ್ದಿ ಇದ್ದರೆ ಮೊದಲು ನನಗೆ ಹೇಳು."

ಅಷ್ಟು ಹೇಳಿ ಸೀಟಿ ಊದಿದರು. ಬಸ್ಸು ಹೊರಟಿತು. ಸಿದ್ಧಕಟ್ಟೆ ದಾಟುವವರೆಗೂ ನಾನು ಮುಖವನ್ನು ಕಿಟಕಿಯ ಕಡೆಗೇ ಇಟ್ಟುಕೊಂಡಿದ್ದೆ. ಹದಿನೈದು ದಿನಗಳ ಭಾರದಲ್ಲಿ ಅರ್ಧ ಅಲ್ಲಿ ಇಳಿಯಿತು.

ಇನ್ನರ್ಧ ಅಣ್ಣನದು. ಆ ದಿನ ಬುಧವಾರವಲ್ಲದಿದ್ದರೂ ಲವೀನಕ್ಕನಲ್ಲಿಗೆ ಹೋಗಿ ಅವನಿಗೆ ಮೇಲ್ ಬರೆದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಏನೂ ಬಿಡಲಿಲ್ಲ. ಅವನು ರಜೆ ಇರುವ ಶುಕ್ರವಾರ ಮಾತ್ರ ಮೇಲ್ ನೋಡುವವನು. ಮುಂದಿನ ಬುಧವಾರ ಹೋದಾಗ ಉತ್ತರ ಬಂದಿತ್ತು. ಇವತ್ತಿಗೂ ಅದರ ಸಾಲುಗಳು ಬಾಯಿಪಾಠ ಇವೆ.

"ಶಶಿ, ನೀನು ಮಾಡಿದ್ದು ತಪ್ಪು. ತಪ್ಪಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ದಿನವಿಡೀ ಆ ಯಂತ್ರ ಹಿಡಿದು ನಿಲ್ಲುವವನು ನಾನು. ಎಷ್ಟು ಜನ ಕೈಗೆತ್ತಿಕೊಂಡು ನೋಡಿ ಹಾಗೆಯೇ ಇಟ್ಟು ಹೋಗ್ತಾರೆ ಅಂತ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಉಳಿಯುತ್ತದೆ ಅಂತ ಯಾರಾದರೂ ಹೇಳಲಿ ಅಂತ ಆಸೆ ಇತ್ತು, ಅದಕ್ಕೇ ನಿನ್ನ ಹತ್ತಿರ ಕೇಳಿದ್ದು. ನೀನು ಹೇಳಿದೆ, ನಾನು ನಂಬಿದೆ. ಅರ್ಧ ತಪ್ಪು ನನ್ನದೇ. ಇನ್ನು ಓದಿದ್ದನ್ನು ಓದಿದ ಹಾಗೆಯೇ ಬರೆ."

ಕೆಳಗೆ ಒಂದು ಕೆಲಸವನ್ನೂ ಕೊಟ್ಟಿದ್ದ. ಆ ಯಂತ್ರವನ್ನು ಇಷ್ಟಪಡುವ ಕೆಲವರು ಅದನ್ನು ಬಿಚ್ಚಿ ಸರಿಮಾಡುವುದು ಹೇಗೆಂದು ಇಂಟರ್‌ನೆಟ್ಟಿನಲ್ಲಿ ಬರೆದಿದ್ದಾರಂತೆ. ಫಿಲಿಪ್ಪೀನ್ಸಿನವನು ತನ್ನ ಕೆಲಸದ ನಡುವೆ ಎಲ್ಲವನ್ನೂ ಹೇಳಿಕೊಡಲಾರ. ನೀನು ಓದಿ ನನಗೆ ಅರ್ಥವಾಗುವ ಹಾಗೆ ಬರೆದು ಕಳಿಸುತ್ತೀಯಾ ಎಂದು ಕೇಳಿದ್ದ.

ಭೌತಶಾಸ್ತ್ರ ಓದುವ ನನಗೆ ಅದುವರೆಗೆ ಸರ್ಕ್ಯೂಟ್ ಎಂದರೆ ರೆಕಾರ್ಡ್ ಪುಸ್ತಕದಲ್ಲಿ ಸ್ಕೇಲ್ ಇಟ್ಟು ಎಳೆಯುವ ಗೆರೆ. ಈಗ ಚಿತ್ರಗಳನ್ನು ನೋಡಿ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಓದಿದ್ದು ಸರಿಯೋ ತಪ್ಪೋ ತಿಳಿಯಬೇಕಾದರೆ ಒಂದನ್ನು ಬಿಚ್ಚಿಯೇ ನೋಡಬೇಕು. ಮನೆಯಲ್ಲಿದ್ದದ್ದು ಅತ್ತಿಗೆಯದು. ಕೇಳಲು ಹಿಂಜರಿದೆ. ಅವಳೇ ತಂದು ಚಾಪೆಯ ಮೇಲೆ ಇಟ್ಟಳು. ಮೆಲ್ಕಾರಿನ ವಾಚ್ ರಿಪೇರಿಯವರ ಹತ್ತಿರ ಸಣ್ಣ ಸ್ಕ್ರೂಡ್ರೈವರ್ ಕೇಳಿ ತಂದೆ. ನಾನು ಮೊದಲ ಸ್ಕ್ರೂವಿಗೇ ಬೆವರಿದೆ. ಕೊಡು ಇಲ್ಲಿ ಎಂದು ಅತ್ತಿಗೆ ತೆಗೆದುಕೊಂಡಳು. ಕಣ್ಣು ಮುಚ್ಚಿ ಬೀಡಿಗೆ ನೂಲು ಸುತ್ತುವ ಬೆರಳುಗಳು. ಅಕ್ಕಿಯ ನುಚ್ಚಿನಷ್ಟು ಸಣ್ಣ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು, ಬಂದ ಕ್ರಮದಲ್ಲೇ ಮೊರದ ಮೇಲೆ ಸಾಲಾಗಿ ಇಟ್ಟಳು. ನಾನು ಓದಿ ಹೇಳಿದೆ, ಅವಳು ಮಾಡಿದಳು. ಗುಂಡಿಯ ಅಡಿಯ ರಬ್ಬರು ಎಲ್ಲಿ ಸವೆಯುತ್ತದೆ, ಬ್ಯಾಟರಿಯ ತಗಡು ಎಲ್ಲಿ ಸಡಿಲವಾಗುತ್ತದೆ, ಯಾವ ತಂತಿಯನ್ನು ಎಳೆಯಬಾರದು, ಎಲ್ಲ ನೋಡಿ ಬರೆದುಕೊಂಡೆವು. ಪುನಃ ಜೋಡಿಸಿ ಒತ್ತಿದಾಗ ಪರದೆ ಬೆಳಗಿತು. ಅಮ್ಮ ಬಾಗಿಲಲ್ಲಿ ನಿಂತು, ಅಷ್ಟು ಹೊತ್ತು ಹಿಡಿದಿಟ್ಟಿದ್ದ ಉಸಿರು ಬಿಟ್ಟರು.

ಆಗಸ್ಟ್ ಕೊನೆಗೆ ಬಯಕೆಯ ಶಾಸ್ತ್ರ ಮಾಡಿ ಅತ್ತಿಗೆಯನ್ನು ಹೆರಿಗೆಗೆ ಬೆಳ್ತಂಗಡಿಗೆ ಕಳಿಸಿಕೊಟ್ಟೆವು. ಹೂ ಮುಡಿದು, ಹಸಿರು ಬಳೆ ತೊಟ್ಟು, ಜೀಪು ಹತ್ತುವಾಗ ನನ್ನನ್ನು ಕರೆದು, ಬುಧವಾರದ ಸುದ್ದಿ ನನಗೂ ಮುಟ್ಟಬೇಕು ಎಂದಳು. ನಾನು ಪ್ರತಿ ವಾರ ಓದಿದ್ದನ್ನೆಲ್ಲ ಫೋನಿನಲ್ಲಿ ಹೇಳಿದೆ. ಒಂದೂ ಒಳ್ಳೆಯ ಸುದ್ದಿ ಇರಲಿಲ್ಲ. ಅವಳು ಹೂಂ ಹೂಂ ಎಂದು ಕೇಳುತ್ತಿದ್ದಳು. ಆಶ್ಚರ್ಯವೆಂದರೆ ರಕ್ತದೊತ್ತಡ ಏರಲಿಲ್ಲ, ಸ್ವಲ್ಪ ಇಳಿದಿತ್ತು. ಅಣ್ಣನಿಗೆ ರಿಪೇರಿಯ ಪಾಠ ಹೋಗುತ್ತಲೇ ಇತ್ತು. ಅವನು ಬರೆಯುತ್ತಿದ್ದ: ಈ ವಾರ ಗುಂಡಿ ಸರಿಮಾಡಿದೆ, ಈ ವಾರ ಪರದೆ ಬದಲಾಯಿಸಿದೆ, ಒಂದು ಸುಟ್ಟುಹೋಯಿತು, ಬೈಸಿಕೊಂಡೆ.

ಸೆಪ್ಟೆಂಬರ್ ಕೊನೆಗೆ ಕಂಪನಿ ಬಾಯಿ ಬಿಟ್ಟಿತು. ಯಂತ್ರವನ್ನು ಇನ್ನು ಮಾಡುವುದಿಲ್ಲ. ನಾಲ್ಕು ಸಾಲಿನ ಪ್ರಕಟಣೆ. ಮೂರು ತಿಂಗಳು ಅದರ ಸಾವು ಬದುಕಿನ ಲೆಕ್ಕ ಹಾಕಿದವರೆಲ್ಲ ಒಂದೇ ವಾರದಲ್ಲಿ ಬೇರೆ ಯಂತ್ರದ ಬಗ್ಗೆ ಬರೆಯಲು ಶುರುಮಾಡಿದರು. ನಾನು ಸೆಂಟರಿನಿಂದಲೇ ಬಿ.ಸಿ. ರೋಡ್ ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಗೆ ಫೋನು ಮಾಡಿ ಅಪ್ಪನನ್ನು ಕರೆಸಿ ಹೇಳಿದೆ. ಅಪ್ಪ, ಸರಿ, ಗೊತ್ತಾಯಿತಲ್ಲ ಎಂದರು. ಅವರ ದನಿಯಲ್ಲಿ ದುಃಖಕ್ಕಿಂತ ಸಮಾಧಾನವೇ ಹೆಚ್ಚಿತ್ತು. ನನಗೂ ಹಾಗೆಯೇ ಅನಿಸಿತು. ಉಳಿಯುತ್ತದೋ ಇಲ್ಲವೋ ಎಂದು ಇನ್ನು ಯಾರೂ ಕೇಳಬೇಕಾಗಿಲ್ಲ.

ಮುಂದೆ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಇಬ್ರಾಹಿಂ ಮಾಣಿಯ ಜಂಕ್ಷನ್ನಿನಲ್ಲಿ ಮೊಬೈಲ್ ಅಂಗಡಿ ಹಾಕಿದರು. ದುಬೈಯಲ್ಲಿ ನಿಂತು ನಿಂತು ಬಂದ ಸೊಂಟ ನೋವು ಊರಿಗೆ ಬಂದ ಮೇಲೆ ಹೋಯಿತು ಎನ್ನುತ್ತಾರೆ. ಅಣ್ಣ ಮತ್ತೂ ಆರು ವರ್ಷ ಅಲ್ಲಿದ್ದು, ಕೊನೆಗೆ ಮೊಬೈಲ್ ರಿಪೇರಿಯಲ್ಲಿ ಪಳಗಿ, ಊರಿಗೆ ಬಂದು ಅವರ ಜೊತೆಗೇ ಸೇರಿದ. ನಾನು ಮಡಂತ್ಯಾರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಆದರೆ ನನಗೆ ಆ ಮಳೆಗಾಲ ಮುಗಿದದ್ದು ಅಕ್ಟೋಬರಿನ ಮೊದಲ ಬುಧವಾರ.

ಆವತ್ತು ಮಳೆ ಬಿಟ್ಟು ಚುರುಕು ಬಿಸಿಲು ಬಂದಿತ್ತು. ಅಣ್ಣನ ಮೇಲ್ ಉದ್ದವಿತ್ತು. ಸೇಲ್ಸಿನವರನ್ನೆಲ್ಲ ಕರೆದು ಈ ತಿಂಗಳ ಕೊನೆಗೆ ಹೊರಡಿ ಎಂದು ಹೇಳಿದ್ದರಂತೆ. ಆದರೆ ಮಾರಿದ ಪ್ರತಿ ಯಂತ್ರಕ್ಕೂ ಒಂದು ವರ್ಷದ ಗ್ಯಾರಂಟಿ ಉಂಟಲ್ಲ, ಕೆಟ್ಟು ಬಂದರೆ ಸರಿಮಾಡಿ ಕೊಡಲೇಬೇಕು. ಫಿಲಿಪ್ಪೀನ್ಸಿನವನಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. ಹೋಗುವ ಮೊದಲು ಅವನೇ ಮ್ಯಾನೇಜರಿಗೆ, ದಿನೇಶನಿಗೆ ಎಲ್ಲ ಗೊತ್ತುಂಟು ಎಂದು ಹೇಳಿದನಂತೆ. ರಿಪೇರಿಯ ಮೇಜು ಅಣ್ಣನಿಗೆ ಸಿಕ್ಕಿತು. ವೀಸಾವನ್ನೂ ಮುಂದುವರಿಸಿದ್ದರು.

ಲವೀನಕ್ಕನ ಹತ್ತಿರ ಅದನ್ನು ಪ್ರಿಂಟ್ ಹಾಕಿಸಿದೆ. ಅವರೂ ನಿಂತು ಓದಿದರು. ಓದಿ, ನನ್ನ ತಲೆ ಸವರಿದರು. ಅಪ್ಪನಿಗೆ ಫೋನು ಮಾಡಿದೆ. ಬಸ್ಸುಗಳ ಹಾರ್ನಿನ ನಡುವೆ ಎರಡು ಸಲ ಹೇಳಿಸಿಕೊಂಡರು. ಆಮೇಲೆ ಅಪ್ಪ, ನೀನು ಮನೆಗೆ ಬರಬೇಡ, ನೇರ ಬೆಳ್ತಂಗಡಿಗೆ ಹೋಗು, ವೇಣೂರಿನ ಮೇಲೆ ಹೋಗುವ ಬಸ್ಸು ಇನ್ನು ಹತ್ತು ನಿಮಿಷದಲ್ಲಿ ಉಂಟು, ಓಡು ಎಂದರು.

ಓಡಿದೆ. ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ಗದ್ದೆಗಳಲ್ಲಿ ಕೊಯ್ಲು ನಡೆಯುತ್ತಿತ್ತು. ಚೀಲದಲ್ಲಿದ್ದ ಕಾಗದವನ್ನು ಮೂರು ಸಲ ಮುಟ್ಟಿ ನೋಡಿಕೊಂಡೆ.

ಅತ್ತಿಗೆ ತವರಿನ ಜಗಲಿಯಲ್ಲಿ ಹಳೆಯ ಈಸಿಚೇರಿನಲ್ಲಿ ಒರಗಿದ್ದಳು. ತಿಂಗಳು ತುಂಬಿ ಮುಖ ಸೊರಗಿ ಬಾಡಿತ್ತು. ಹೇಳದೆ ಕೇಳದೆ ಬಂದ ನನ್ನನ್ನು ಕಂಡು ಎದ್ದು ಕೂತಳು. ಅವಳ ಕೈ ಹೊಟ್ಟೆಯ ಮೇಲೆ ಹೋಯಿತು. ನಾನು ಚಪ್ಪಲಿ ಬಿಡುತ್ತಲೇ, ಅಣ್ಣನಿಗೆ ಅಲ್ಲೇ ಕೆಲಸ ಉಳಿಯಿತು ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತ ಕೂತಳು. ಆ ನೋಟ ಯಾಕೆಂದು ನನಗೆ ಗೊತ್ತಿತ್ತು. ಅದಕ್ಕೆ ನಾನು ಬೇಸರ ಮಾಡಿಕೊಳ್ಳುವ ಹಾಗಿರಲಿಲ್ಲ.

ಕಾಗದ ತೆಗೆದು ಬಿಡಿಸಿದೆ. ಓದಲು ಬಾಯಿ ತೆರೆಯುವಷ್ಟರಲ್ಲಿ ಅವಳು ಕೈ ಚಾಚಿದಳು.

"ಕೊಡು. ನಾನೇ ಓದ್ತೇನೆ."

ಕೊಟ್ಟೆ. ಇಂಗ್ಲಿಷ್ ಅಕ್ಷರದ ಕನ್ನಡ ಅವಳಿಗೆ ರೂಢಿಯಿರಲಿಲ್ಲ. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲುಗಿಸುತ್ತ, ಒಂದೊಂದೇ ಪದ ಕೂಡಿಸಿ ಓದಿದಳು. ಕೊನೆಯವರೆಗೆ ಹೋಗಿ ಪುನಃ ಮೊದಲಿನಿಂದ ಓದಿದಳು. ಅಷ್ಟು ಹೊತ್ತು ನಾನು ಕಂಬಕ್ಕೆ ಒರಗಿ ಅಂಗಳ ನೋಡುತ್ತ ನಿಂತಿದ್ದೆ. ಅಂಗಳದಲ್ಲಿ ಅವಳ ತಾಯಿ ನಾಲ್ಕು ತಿಂಗಳಿನಿಂದ ಒಣಗದ ಚಾಪೆಗಳನ್ನೆಲ್ಲ ತಂದು ಬಿಸಿಲಿಗೆ ಹಾಸುತ್ತಿದ್ದರು.

ಅತ್ತಿಗೆ ಕಾಗದವನ್ನು ಮಡಚಲಿಲ್ಲ. ಈಸಿಚೇರಿಗೆ ತಲೆಯೊರಗಿಸಿ ಕಣ್ಣು ಮುಚ್ಚಿ, ಕಾಗದವನ್ನು ನನ್ನ ಕಡೆಗೆ ನೀಡಿದಳು.

"ಈಗ ನೀನು ಓದು ಶಶಿ," ಎಂದಳು.

ನಾನು ಕೆಳಗೆ ಕೂತು ಓದತೊಡಗಿದೆ. ಗ್ಯಾರಂಟಿಯ ವಿಷಯ ಓದಿ, ಫಿಲಿಪ್ಪೀನ್ಸಿನವನು ಹೇಳಿದ್ದನ್ನು ಓದಿ, ವೀಸಾದ ಸಾಲಿಗೆ ಬರುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ನಾನು ನಿಲ್ಲಿಸಲಿಲ್ಲ. ದನಿ ಇಳಿಸಿ, ಕೊನೆಯ ಸಾಲಿನವರೆಗೂ ಓದಿದೆ.